ನೆಟ್ಟಗೆ ಕೂತಿದ್ದೀರಾ? ಕಾರು ನೋಡುತ್ತಿದೆ

ಸ್ವೀಡನ್ನಿನ ವೋಲ್ವೊ ಕಂಪನಿ 2018ರ ಸೆಪ್ಟೆಂಬರಿನಲ್ಲಿ 360ಸಿ ಎಂಬ ಮಾದರಿ ಕಾರನ್ನು ಜಗತ್ತಿಗೆ ತೋರಿಸಿತು. ಅದರಲ್ಲಿ ಸ್ಟೀರಿಂಗ್ ಇಲ್ಲ, ಪೆಡಲ್ ಇಲ್ಲ, ಚಾಲಕನೂ ಇಲ್ಲ. ಇರುವುದು ಹಾಸಿಗೆ. ರಾತ್ರಿ ಹತ್ತಿ ಮಲಗಿದರೆ ಬೆಳಗಾಗುವಷ್ಟರಲ್ಲಿ ಇನ್ನೊಂದು ಊರು. ಹತ್ತಿರದ ನಗರಗಳ ನಡುವೆ ಹಾರುವ ವಿಮಾನಗಳಿಗೇ ಇದು ಪೈಪೋಟಿ ಎಂದು ಕಂಪನಿ ಹೇಳಿಕೊಂಡಿತು. ನೋಡಿದವರ ಕಣ್ಣು ಸಹಜವಾಗಿ ಹಾಸಿಗೆಯ ಮೇಲೆ ಬೀಳುತ್ತದೆ. ಆದರೆ ಆ ಕಾರಿನ ನಿಜವಾದ ಸಂಗತಿ ಇದ್ದದ್ದು ಹೊದಿಕೆಯಲ್ಲಿ. ಅದು ಬರೀ ಚಳಿಗೆ ಹೊದೆಯುವುದಲ್ಲ. ಅಪಘಾತದ ಹೊತ್ತಿನಲ್ಲಿ ಮಲಗಿದವರನ್ನು ಹಿಡಿದಿಡಬೇಕಾದ ಸೀಟ್ ಬೆಲ್ಟೂ ಅದೇ.

ಎದೆಯ ಮೇಲೆ ಅಡ್ಡವಾಗಿ, ಸೊಂಟದ ಮೇಲೆ ನೇರವಾಗಿ ಹಾಯುವ ಇವತ್ತಿನ ಸೀಟ್ ಬೆಲ್ಟನ್ನು ರೂಪಿಸಿದ್ದೂ ಇದೇ ಕಂಪನಿಯ ಎಂಜಿನಿಯರ್ ನಿಲ್ಸ್ ಬೋಲಿನ್. ಅದು ಕಾರಿಗೆ ಬಂದದ್ದು 1959ರಲ್ಲಿ. ಪೇಟೆಂಟನ್ನು ಕಂಪನಿ ತನ್ನಲ್ಲೇ ಇಟ್ಟುಕೊಳ್ಳದೆ ಎಲ್ಲರಿಗೂ ಬಿಟ್ಟುಕೊಟ್ಟಿತು. ಇಷ್ಟು ವರ್ಷ ಲಕ್ಷಾಂತರ ಜೀವ ಉಳಿಸಿದ ಆ ಪಟ್ಟಿಯನ್ನು ಬಿಟ್ಟು ಅದೇ ಕಂಪನಿ ಹೊದಿಕೆಯ ಮೊರೆಹೋಗಬೇಕಾಯಿತೆಂದರೆ, ನಡುವೆ ಏನೋ ಬದಲಾಗಿದೆ. ಬದಲಾದದ್ದು ನಾವು ಕೂರುವ ರೀತಿ.

ಕಾರಿನ ಸುರಕ್ಷತೆಯ ಇಡೀ ಲೆಕ್ಕಾಚಾರ ನಿಂತಿರುವುದು ಒಂದು ನಂಬಿಕೆಯ ಮೇಲೆ. ಕೂತವನ ಬೆನ್ನು ಸೀಟಿಗೆ ಆನಿಕೊಂಡಿರುತ್ತದೆ, ಪಾದ ನೆಲದ ಮೇಲಿರುತ್ತದೆ, ಮುಖ ಮುಂದಕ್ಕಿರುತ್ತದೆ ಎಂಬ ನಂಬಿಕೆ. ಅಪಘಾತ ಪರೀಕ್ಷೆಗಳಲ್ಲಿ ಜಗತ್ತಿನಾದ್ಯಂತ ಬಳಕೆಯಾದ ‘ಹೈಬ್ರಿಡ್ 3’ ಎಂಬ ಗೊಂಬೆಯನ್ನು ಜನರಲ್ ಮೋಟಾರ್ಸ್ 1976ರಲ್ಲಿ ತಯಾರಿಸಿತು. ಎತ್ತರ ಸುಮಾರು 175 ಸೆಂಟಿಮೀಟರ್, ತೂಕ 78 ಕಿಲೊ, ಅಮೆರಿಕದ ಸರಾಸರಿ ಗಂಡಸು. ಇವನು ಕಾಲು ಮೇಲೆ ಕಾಲು ಹಾಕುವುದಿಲ್ಲ, ಹಿಂದಿನ ಸೀಟಿನಲ್ಲಿ ಅಳುವ ಮಗುವಿನ ಕಡೆ ತಿರುಗುವುದಿಲ್ಲ, ಬಾಯಿ ಕಳೆದು ನಿದ್ದೆ ಹೋಗುವುದಿಲ್ಲ. ಬೆಲ್ಟು, ಏರ್‌ಬ್ಯಾಗು, ತಲೆಯಾನಿಕೆ ಎಲ್ಲವೂ ಬಹುಕಾಲ ಈ ಶಿಸ್ತಿನ ಸಿಪಾಯಿಯ ಅಳತೆಗೇ ಹೊಲಿದವು. ಹೆಣ್ಣಿನ ಗೊಂಬೆ ಬಂದಾಗಲೂ ಅದು ಹೆಚ್ಚುಕಡಿಮೆ ಇವನನ್ನೇ ಕುಗ್ಗಿಸಿ ಮಾಡಿದ್ದು.

ಚಾಲಕನ ಮಟ್ಟಿಗೆ ಈ ನಂಬಿಕೆ ಅಷ್ಟಾಗಿ ಸುಳ್ಳಾಗಲಿಲ್ಲ. ಕಾರಣ ಅವನ ಶಿಸ್ತಲ್ಲ, ಸ್ಟೀರಿಂಗು. ಕೈ ಚಕ್ರದ ಮೇಲಿರಬೇಕು, ಕಾಲು ಬ್ರೇಕಿಗೆ ಎಟುಕಬೇಕು, ಕಣ್ಣು ರಸ್ತೆಯ ಮೇಲಿರಬೇಕು. ಹೀಗಿರುವಾಗ ಮನುಷ್ಯ ತಾನಾಗಿಯೇ ನೆಟ್ಟಗೆ ಕೂರುತ್ತಾನೆ. ಸ್ವಯಂಚಾಲಿತ ಕಾರು ಆ ಚಕ್ರವನ್ನು ಕಿತ್ತುಹಾಕಿದ ಕ್ಷಣದಿಂದ ಯಾರೂ ನೆಟ್ಟಗೆ ಕೂರಬೇಕಾದ ಅಗತ್ಯವಿಲ್ಲ. ಮರ್ಸಿಡಿಸ್ 2015ರಲ್ಲಿ ತೋರಿಸಿದ ಎಫ್015 ಮಾದರಿಯಲ್ಲಿ ಮುಂದಿನ ಸೀಟುಗಳು ಹಿಂದಕ್ಕೆ ತಿರುಗಿ ನಾಲ್ವರು ಎದುರುಬದುರಾಗಿ ಹರಟೆ ಹೊಡೆಯಬಹುದಿತ್ತು. ಚಿತ್ರದಲ್ಲಿ ಬಹಳ ಚೆಂದ. ಅದೇ ಕಾರು ಗಂಟೆಗೆ 50 ಕಿಲೊಮೀಟರ್ ವೇಗದಲ್ಲಿ ಗೋಡೆಗೆ ಗುದ್ದಿದರೆ ಹರಟೆ ಹೊಡೆಯುತ್ತಿದ್ದವರ ಗತಿ ಏನು ಎಂಬುದನ್ನು ಚಿತ್ರ ಹೇಳುವುದಿಲ್ಲ.

ಆ ವೇಗದಲ್ಲಿ ಕಾರು ಸೆಕೆಂಡಿಗೆ ಹತ್ತಿರ ಹತ್ತಿರ 14 ಮೀಟರ್ ಸಾಗುತ್ತಿರುತ್ತದೆ. ಗುದ್ದಿದಾಗ ಕಾರಿನ ಮೂತಿ ನಜ್ಜುಗುಜ್ಜಾಗುತ್ತ ನಿಲ್ಲುತ್ತದೆ. ಒಳಗಿನ ದೇಹ ಅದೇ ವೇಗದಲ್ಲಿ ಮುಂದೆ ಹೋಗುತ್ತಲೇ ಇರುತ್ತದೆ. ಏರ್‌ಬ್ಯಾಗ್ ಬಿಚ್ಚಿಕೊಳ್ಳಬೇಕೇ ಬೇಡವೇ ಎಂದು ಕಂಪ್ಯೂಟರ್ ತೀರ್ಮಾನಿಸುವುದಕ್ಕೆ ಸಿಗುವುದು ಸೆಕೆಂಡಿನ ನೂರನೇ ಒಂದೆರಡು ಭಾಗ. ತೀರ್ಮಾನವಾದ ಮೇಲೆ ಸುಮಾರು 30 ಮಿಲಿಸೆಕೆಂಡಿನಲ್ಲಿ ಚೀಲ ಪೂರ್ತಿ ಉಬ್ಬಿರುತ್ತದೆ. ನಾವು ಒಮ್ಮೆ ರೆಪ್ಪೆ ಬಡಿಯಲು ಇದರ ಮೂರುಪಟ್ಟಿಗಿಂತ ಹೆಚ್ಚು ಹೊತ್ತು ಬೇಕು. ಉಬ್ಬುವಾಗ ಅದರ ಮುಂಭಾಗ ನುಗ್ಗುವ ವೇಗ ಗಂಟೆಗೆ 300 ಕಿಲೊಮೀಟರ್ ಆಸುಪಾಸು. ಮೆತ್ತನೆಯ ದಿಂಬು ಎಂದುಕೊಂಡವರಿಗೆ ಇದು ಅಚ್ಚರಿಯಾಗಬಹುದು. ಪೂರ್ತಿ ಉಬ್ಬಿದ ಮೇಲೆ ಅದು ದಿಂಬು ಹೌದು, ಉಬ್ಬುತ್ತಿರುವಾಗ ಗುದ್ದು. ಎದೆ ಮತ್ತು ಏರ್‌ಬ್ಯಾಗಿನ ನಡುವೆ ಕನಿಷ್ಠ 25 ಸೆಂಟಿಮೀಟರ್ ಅಂತರ ಇರಲಿ ಎಂದು ಸುರಕ್ಷತಾ ಸಂಸ್ಥೆಗಳು ಹೇಳುವುದು ಇದಕ್ಕೇ.

ಈ ಪಾಠವನ್ನು ಜಗತ್ತು ಕಲಿತದ್ದು ಮಕ್ಕಳ ಪ್ರಾಣದ ಬೆಲೆ ತೆತ್ತು. ಅಮೆರಿಕದಲ್ಲಿ 1990ರಿಂದ 2008ರವರೆಗೆ, ಹೆಚ್ಚೇನೂ ವೇಗವಿಲ್ಲದ ಅಪಘಾತಗಳಲ್ಲಿ, ಮುಂಭಾಗದ ಏರ್‌ಬ್ಯಾಗ್ ಬಿಚ್ಚಿಕೊಂಡದ್ದರಿಂದಲೇ ಸತ್ತವರು 290ಕ್ಕೂ ಹೆಚ್ಚು ಎಂದು ಅಲ್ಲಿನ ರಸ್ತೆ ಸುರಕ್ಷತಾ ಆಡಳಿತ ಅಂದಾಜು ಮಾಡಿದೆ. ಪ್ರಯಾಣಿಕರ ಸೀಟಿನಲ್ಲಿ ಹೀಗೆ ಸತ್ತವರಲ್ಲಿ ಬಹುಪಾಲು ಮಕ್ಕಳು, ಹಸುಗೂಸುಗಳು. ಬೆಲ್ಟ್ ಹಾಕದೆ ನಿಂತವರು, ಡ್ಯಾಶ್‌ಬೋರ್ಡಿಗೆ ತೀರ ಹತ್ತಿರವಿದ್ದವರು. ಆ ಸರ್ಕಾರ 2000ದಲ್ಲಿ ನಿಯಮ ಬದಲಿಸಿ, ಸೀಟಿನಲ್ಲಿ ಕೂತಿರುವುದು ದೊಡ್ಡವರೋ ಮಗುವೋ ಎಂದು ಕಾರು ತಾನೇ ತಿಳಿಯಬೇಕು ಎಂದಿತು. ಸೀಟಿನಡಿ ತೂಕ ಅಳೆಯುವ ಸಂವೇದಕಗಳು ಬಂದವು. ‘ಪ್ಯಾಸೆಂಜರ್ ಏರ್‌ಬ್ಯಾಗ್ ಆಫ್’ ಎಂಬ ಪುಟ್ಟ ದೀಪ ಡ್ಯಾಶ್‌ಬೋರ್ಡಿನಲ್ಲಿ ಹೊತ್ತಿಕೊಂಡಿತು. ಕಾರು ತನ್ನೊಳಗೆ ಕೂತವರನ್ನು ಗಮನಿಸತೊಡಗಿದ್ದು ಆಗ. ನಮ್ಮಲ್ಲಿ ಈ ಪಾಠ ಇನ್ನೂ ಮುಗಿದಿಲ್ಲ. ಮುಂದಿನ ಸೀಟಿನ ಎರಡೂ ಬದಿಗೆ ಏರ್‌ಬ್ಯಾಗ್ ಕಡ್ಡಾಯವಾದದ್ದು 2021ರಲ್ಲಿ. 2024ರ ಡಿಸೆಂಬರಿನಲ್ಲಿ ನವಿಮುಂಬೈನಲ್ಲಿ ಮುಂದಿನ ಸೀಟಿನಲ್ಲಿ ಕೂತಿದ್ದ ಆರು ವರ್ಷದ ಹುಡುಗ ಏರ್‌ಬ್ಯಾಗಿನ ಹೊಡೆತಕ್ಕೆ ಸಿಕ್ಕಿ ತೀರಿಕೊಂಡ.

ತೂಕ ಅಳೆದರೆ ಯಾರು ಕೂತಿದ್ದಾರೆಂದು ಗೊತ್ತಾಗುತ್ತದೆ. ಹೇಗೆ ಕೂತಿದ್ದಾರೆ ಎಂಬುದು ಗೊತ್ತಾಗುವುದಿಲ್ಲ. ಸ್ವಯಂಚಾಲಿತ ಕಾರಿಗೆ ಬೇಕಾದದ್ದು ಈ ಎರಡನೆಯದು, ಅದರಲ್ಲೂ ಸೀಟನ್ನು ಹಿಂದಕ್ಕೆ ಒರಗಿಸಿ ಮಲಗಿದವರ ವಿಷಯದಲ್ಲಿ. ಇಲ್ಲಿ ಸ್ವಲ್ಪ ನಿಂತು ನೋಡಬೇಕು.

ನಿಮ್ಮ ಸೊಂಟದ ಎರಡೂ ಪಕ್ಕ ಮುಂಭಾಗದಲ್ಲಿ ಕೈಗೆ ಸಿಗುವ ಎಲುಬಿನ ಏಣು ಇದೆಯಲ್ಲ, ಸೀಟ್ ಬೆಲ್ಟಿನ ಕೆಳಪಟ್ಟಿ ಕೆಲಸ ಮಾಡುವುದು ಅದರ ಬಲದಿಂದ. ನೆಟ್ಟಗೆ ಕೂತಾಗ ಆ ಏಣು ಗೂಟದಂತೆ ಎದ್ದು ನಿಂತಿರುತ್ತದೆ, ಪಟ್ಟಿ ಅದಕ್ಕೆ ಸಿಕ್ಕಿಕೊಳ್ಳುತ್ತದೆ, ದೇಹದ ಇಡೀ ಎಳೆತವನ್ನು ಗಟ್ಟಿ ಮೂಳೆ ತಡೆದುಕೊಳ್ಳುತ್ತದೆ. ಸೀಟನ್ನು ಒರಗಿಸಿದಾಗ ಸೊಂಟ ಹಿಂದಕ್ಕೆ ಮಗುಚುತ್ತದೆ. ಏಣು ಅಡ್ಡಬೀಳುತ್ತದೆ. ಈಗ ಗುದ್ದಿದರೆ ಪಟ್ಟಿಗೆ ಸಿಕ್ಕಿಕೊಳ್ಳಲು ಜಾಗವೇ ಇಲ್ಲ. ಸೊಂಟ ಅದರಡಿಯಿಂದ ಮುಂದಕ್ಕೆ ಜಾರುತ್ತದೆ, ಪಟ್ಟಿ ಮೇಲಕ್ಕೆ ಸರಿದು ಹೊಟ್ಟೆಯನ್ನು ಕತ್ತರಿಸುವಂತೆ ಒತ್ತುತ್ತದೆ. ಅಲ್ಲಿ ಮುಂಭಾಗದಲ್ಲಿ ಮೂಳೆಯಿಲ್ಲ. ಕರುಳು, ಯಕೃತ್ತು, ಗುಲ್ಮ, ಹಿಂದೆ ಬೆನ್ನೆಲುಬಿನ ಕೆಳಭಾಗ. ಎಂಜಿನಿಯರುಗಳು ಇದನ್ನು ಸಬ್‌ಮರೀನಿಂಗ್ ಎನ್ನುತ್ತಾರೆ. ಇನ್ನೊಂದು ತೊಡಕೂ ಇದೆ. ಎದೆಯ ಪಟ್ಟಿ ಬರುವುದು ಬಾಗಿಲ ಪಕ್ಕದ ಕಂಬದಿಂದ. ಸೀಟು ಹಿಂದೆ ಹೋದರೂ ಕಂಬ ಹೋಗುವುದಿಲ್ಲವಾದ್ದರಿಂದ ಪಟ್ಟಿ ಎದೆಗೆ ತಾಗದೆ ಗಾಳಿಯಲ್ಲಿ ತೂಗುತ್ತದೆ. ಲಾಂಗ್ ಡ್ರೈವಿನಲ್ಲಿ ಪಕ್ಕದ ಸೀಟಿನವರು ಸೀಟು ಒರಗಿಸಿ ನಿದ್ದೆ ಹೋಗುವುದು ನಮ್ಮಲ್ಲಿ ಎಷ್ಟು ಸಾಮಾನ್ಯ! ಅದಕ್ಕೆ ಚಾಲಕರಹಿತ ಕಾರೇ ಬರಬೇಕಿಲ್ಲ.

ಡ್ಯಾಶ್‌ಬೋರ್ಡಿನ ಮೇಲೆ ಕಾಲು ಚಾಚುವವರದು ಇನ್ನೂ ಸರಳ ಲೆಕ್ಕ. ಏರ್‌ಬ್ಯಾಗ್ ಇರುವುದೇ ಅಲ್ಲಿ. ಅದು ಬಿಚ್ಚಿಕೊಂಡರೆ ಮೊಣಕಾಲು ಮುಖಕ್ಕೆ, ತೊಡೆಯೆಲುಬು ಸೊಂಟದ ಕೀಲಿಗೆ.

ಹಾಗಾದರೆ ಕಾರು ನೋಡುವುದು ಹೇಗೆ? ಮುಖ್ಯ ಸಾಧನ ಕ್ಯಾಮೆರಾ, ಆದರೆ ನಮ್ಮ ಮೊಬೈಲಿನಂಥದ್ದಲ್ಲ. ರಾತ್ರಿ ಕಾರಿನೊಳಗೆ ದೀಪ ಹಾಕಿಕೊಂಡು ಹೋಗಲಾಗುವುದಿಲ್ಲ. ಅದಕ್ಕೆ ಕಣ್ಣಿಗೆ ಕಾಣದ ಅವಗೆಂಪು ಬೆಳಕನ್ನು ಚೆಲ್ಲುವ ಪುಟ್ಟ ಎಲ್‌ಇಡಿಗಳು, ಅದನ್ನಷ್ಟೇ ಹಿಡಿಯುವ ಕ್ಯಾಮೆರಾ. ಸಾಮಾನ್ಯವಾಗಿ ಆರಿಸುವ ತರಂಗಾಂತರ 940 ನ್ಯಾನೊಮೀಟರ್. ಆರಿಸಿದ್ದಕ್ಕೆ ಒಂದು ಜಾಣ ಕಾರಣವಿದೆ. ಸೂರ್ಯನ ಬೆಳಕಿನಲ್ಲಿ ಆ ಭಾಗವನ್ನು ವಾತಾವರಣದ ನೀರಾವಿ ಸಾಕಷ್ಟು ಹೀರಿಬಿಟ್ಟಿರುತ್ತದೆ. ನಡುಮಧ್ಯಾಹ್ನ ಕಿಟಕಿಯಿಂದ ಬಿಸಿಲು ಹೊಡೆದರೂ ಕ್ಯಾಮೆರಾದ ಕಣ್ಣು ಕೋರೈಸುವುದಿಲ್ಲ. ಹೋಗಿ ಬರುವ ಬೆಳಕಿನ ಹೊತ್ತನ್ನು ಅಳೆದು ದೂರ ಹೇಳುವ ಕ್ಯಾಮೆರಾಗಳೂ ಇವೆ: ತಲೆ ಡ್ಯಾಶ್‌ಬೋರ್ಡಿಗೆ ಎಷ್ಟು ಹತ್ತಿರ ಎಂದು ಸೆಂಟಿಮೀಟರುಗಳಲ್ಲಿ ಹೇಳಬಲ್ಲವು. ಚಾವಣಿಯಲ್ಲಿ ಅಡಗಿದ 60 ಗಿಗಾಹರ್ಟ್ಸ್ ರೇಡಾರ್ ಹೊದಿಕೆಯ ಒಳಗಿರುವ ಮಗುವಿನ ಉಸಿರನ್ನೂ ಗುರುತಿಸುತ್ತದೆ. ಎದೆ ಕೆಲವೇ ಮಿಲಿಮೀಟರ್ ಏರಿಳಿದರೆ ಸಾಕು.

ಚಿತ್ರ ಸಿಕ್ಕ ಮೇಲೆ ಅದನ್ನು ಓದುವ ಕೆಲಸ ಕೃತಕ ಬುದ್ಧಿಮತ್ತೆಯದು. ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದವರು 2017ರಲ್ಲಿ ಹೊರತಂದ ‘ಓಪನ್‌ಪೋಸ್’ ಎಂಬ ತಂತ್ರಾಂಶ, ಒಂದು ಸಾದಾ ಚಿತ್ರದಲ್ಲಿ ಹಲವು ಜನರ ಕೀಲುಗಳನ್ನು ಒಟ್ಟಿಗೇ ಗುರುತಿಸಿ ತೋರಿಸಿತು. ಈ ಕ್ಷೇತ್ರದಲ್ಲಿ ಹೆಚ್ಚು ಬಳಕೆಯಲ್ಲಿರುವ ಒಂದು ಪದ್ಧತಿಯಲ್ಲಿ ಮನುಷ್ಯನೆಂದರೆ 17 ಚುಕ್ಕೆ. ಮೂಗು, ಎರಡು ಕಣ್ಣು, ಎರಡು ಕಿವಿ, ಭುಜ, ಮೊಣಕೈ, ಮಣಿಕಟ್ಟು, ಸೊಂಟ, ಮೊಣಕಾಲು, ಹಿಮ್ಮಡಿಯ ಗಂಟು. ಚುಕ್ಕೆಗಳನ್ನು ಗೆರೆಯಿಂದ ಸೇರಿಸಿದರೆ ಅಸ್ಥಿಪಂಜರದ ರಂಗೋಲಿ. ಭುಜದಿಂದ ಸೊಂಟಕ್ಕೆ ಎಳೆದ ಗೆರೆ ಎಷ್ಟು ಓರೆಯಾಗಿದೆ, ಮೊಣಕಾಲು ಸೊಂಟಕ್ಕಿಂತ ಎಷ್ಟು ಮೇಲಿದೆ, ಬೆಲ್ಟಿನ ಕಪ್ಪು ಪಟ್ಟಿ ಭುಜದ ಚುಕ್ಕೆಯ ಮೇಲೆ ಹಾದಿದೆಯೋ ಕಂಕುಳಡಿ ಹಾದಿದೆಯೋ, ಇಷ್ಟನ್ನು ಸೆಕೆಂಡಿಗೆ ಹಲವು ಬಾರಿ ಅಳೆದರೆ ಕೂತ ಭಂಗಿ ಅಂಕಿಯಾಗಿ ಸಿಗುತ್ತದೆ.

ಪ್ರಯೋಗಾಲಯದಲ್ಲಿ ಇದು ಸೊಗಸಾಗಿ ನಡೆಯುತ್ತದೆ. ಆದರೆ ಸೀರೆ ಉಟ್ಟವರನ್ನು ಕೂರಿಸಿ ನೋಡಿ. ನೆರಿಗೆಯ ಒಳಗೆ ಮೊಣಕಾಲು ಎಲ್ಲಿದೆ? ಕೆಳಪಟ್ಟಿ ಸೆರಗಿನ ಅಡಿ ಮಾಯವಾದರೆ ಬೆಲ್ಟ್ ಹಾಕಿದ್ದಾರೋ ಇಲ್ಲವೋ? ಚಪ್ಪಲಿ ಬಿಟ್ಟು ಸೀಟಿನ ಮೇಲೆ ಚಕ್ಕಳಮಕ್ಕಳ ಹಾಕಿ ಕೂತ ಅಜ್ಜಿ, ಮಂಕಿ ಟೋಪಿಯ ಮೇಲೆ ಶಾಲು ಸುತ್ತಿದ ಅಜ್ಜ, ಮೂವರ ಸೀಟಿನಲ್ಲಿ ನಾಲ್ವರು, ನಾಲ್ವರ ತೊಡೆಯ ಮೇಲೆ ಇಬ್ಬರು ಮಕ್ಕಳು, ಕಾಲ ಸಂದಿಯಲ್ಲಿ ಹಲಸಿನ ಹಣ್ಣು. ಯಂತ್ರ ತಾನು ನೋಡಿ ಕಲಿತದ್ದನ್ನು ಮಾತ್ರ ಗುರುತಿಸುತ್ತದೆ. ಜೀನ್ಸ್ ತೊಟ್ಟು ಒಬ್ಬೊಬ್ಬರೇ ಕೂತವರ ಚಿತ್ರಗಳನ್ನೇ ತೋರಿಸಿ ಬೆಳೆಸಿದರೆ ಅದಕ್ಕೆ ನಮ್ಮ ಮದುವೆ ದಿಬ್ಬಣದ ಕಾರು ಅರ್ಥವಾಗುವುದು ಕಷ್ಟ. ಬಾಷ್, ಮರ್ಸಿಡಿಸ್‌ನಂಥ ಕಂಪನಿಗಳ ದೊಡ್ಡ ತಂತ್ರಾಂಶ ಕೇಂದ್ರಗಳು ಬೆಂಗಳೂರಿನಲ್ಲೇ ಇವೆ. ಆ ಕಟ್ಟಡಗಳ ಗೇಟಿನ ಹೊರಗೆ ಅರ್ಧ ಗಂಟೆ ನಿಂತರೆ ಜಗತ್ತಿನ ಯಾವ ದತ್ತಾಂಶ ಸಂಗ್ರಹದಲ್ಲೂ ಸಿಗದಷ್ಟು ಬಗೆಯ ಭಂಗಿಗಳು ಕಾರಿನೊಳಗೆ ಕಾಣುತ್ತವೆ ಎಂಬುದು ನನ್ನ ಗುಮಾನಿ.

ನೋಡಿದ್ದಾಯಿತು. ಆಮೇಲೇನು? ಮರ್ಸಿಡಿಸ್ 2002ರಲ್ಲಿ ಎಸ್-ಕ್ಲಾಸ್ ಕಾರಿಗೆ ‘ಪ್ರೀ-ಸೇಫ್’ ಎಂಬ ವ್ಯವಸ್ಥೆ ತಂದಿತು. ಕಾರು ಜಾರುತ್ತಿದೆ ಅಥವಾ ಗಾಬರಿಯ ಬ್ರೇಕ್ ಬಿದ್ದಿದೆ ಎಂದು ಗೊತ್ತಾದ ಕೂಡಲೇ ಬೆಲ್ಟನ್ನು ಬಿಗಿದು, ಸೀಟನ್ನು ಸರಿಯಾದ ಸ್ಥಿತಿಗೆ ತಂದು, ಮೇಲಿನ ಕಿಂಡಿಯನ್ನು ಮುಚ್ಚುವುದು ಅದರ ಕೆಲಸ. ಸ್ವಯಂಚಾಲಿತ ಕಾರಿಗೆ ನಾಲ್ಕೂ ಕಡೆ ಕಣ್ಣಿರುವುದರಿಂದ ಅಪಾಯ ಇನ್ನೂ ಮುಂಚೆ ಕಾಣಬಹುದು, ಒರಗಿದ ಸೀಟನ್ನು ಎಬ್ಬಿಸಬಹುದು ಎಂಬ ಆಸೆ ಇದೆ. ಆದರೆ ಸೀಟಿನ ಮೋಟಾರಿಗೆ ಮಲಗಿದ ಮನುಷ್ಯನನ್ನು ಎಬ್ಬಿಸಿ ಕೂರಿಸಲು ಹಲವು ಸೆಕೆಂಡು ಬೇಕು. ಅಡ್ಡ ನುಗ್ಗುವ ಬೈಕು ಅಷ್ಟು ಹೊತ್ತು ಕಾಯುವುದಿಲ್ಲ. ಇದಕ್ಕಿಂತ ಕುತೂಹಲದ್ದು ಇನ್ನೊಂದು. ಡಿಕ್ಕಿ ತಪ್ಪಿಸಲು ಕಾರು ತಾನೇ ಜೋರಾಗಿ ಬ್ರೇಕ್ ಹಾಕುತ್ತದಲ್ಲ, ಆ ಬ್ರೇಕೇ ಪ್ರಯಾಣಿಕನನ್ನು ಮುಂದಕ್ಕೆ ಮುಗ್ಗರಿಸುವಂತೆ ಮಾಡುತ್ತದೆ. ರಸ್ತೆ ನೋಡುತ್ತಿರುವವರು ಮೊದಲೇ ಬಿಗಿಯಾಗುತ್ತಾರೆ, ಕೈಯೂರುತ್ತಾರೆ. ಮೊಬೈಲಿನಲ್ಲಿ ಮುಳುಗಿದವರಿಗೆ ಆ ಸೂಚನೆಯೇ ಇಲ್ಲ. ಡಿಕ್ಕಿ ಆಗುವ ಹೊತ್ತಿಗೆ ಅವರ ತಲೆ ಏರ್‌ಬ್ಯಾಗಿನ ಬಾಗಿಲಲ್ಲಿ.

ಹೀಗಾಗಿ ಇನ್ನೊಂದು ದಾರಿ ಹಿಡಿದವರೂ ಇದ್ದಾರೆ. ಪ್ರಯಾಣಿಕನನ್ನು ತಿದ್ದುವ ಬದಲು ಕಾರನ್ನೇ ತಿದ್ದುವುದು. ಬೆಲ್ಟನ್ನು ಕಂಬಕ್ಕೆ ಹೊಲಿಯದೆ ಸೀಟಿಗೇ ಜೋಡಿಸುವುದು, ಸೊಂಟದ ಎರಡೂ ಬದಿಯಿಂದ ಪಟ್ಟಿಯನ್ನು ಎಳೆಯುವುದು, ಸೀಟಿನ ಮೆತ್ತೆಯೊಳಗೇ ಚೀಲವಿಟ್ಟು ಉಬ್ಬಿಸಿ ಸೊಂಟ ಜಾರದಂತೆ ತಡೆಯುವುದು. ಮಾಮೂಲಿ ಗೊಂಬೆಗಳಿಗೆ ಒರಗಿ ಮಲಗಲು ಬಾರದ ಕಾರಣ ಇಂಥದ್ದನ್ನೆಲ್ಲ ಕಂಪ್ಯೂಟರಿನೊಳಗಿನ ಮನುಷ್ಯನ ಮೇಲೆ ಪರೀಕ್ಷಿಸುತ್ತಾರೆ. ಟೊಯೊಟಾದ ‘ಥಮ್ಸ್’ ಅಂಥ ಒಂದು ಡಿಜಿಟಲ್ ದೇಹ. ಮೂಳೆ, ಸ್ನಾಯು, ಒಳಾಂಗ ಎಲ್ಲ ಇರುವ ಅದನ್ನು ಕಂಪನಿ 2021ರಿಂದ ಯಾರು ಬೇಕಾದರೂ ಬಳಸಲಿ ಎಂದು ಪುಕ್ಕಟೆ ಬಿಟ್ಟಿದೆ.

ಹಿಂದುಮುಂದಾಗಿ ಕೂರುವುದು ಮಾತ್ರ ಅಂದುಕೊಂಡಷ್ಟು ಕೆಟ್ಟದ್ದಲ್ಲ. ಸ್ವೀಡನ್ನಿನ ಬರ್ಟಿಲ್ ಆಲ್ಡ್‌ಮನ್ 1960ರ ದಶಕದಲ್ಲಿ, ಜೆಮಿನಿ ಗಗನನೌಕೆಯಲ್ಲಿ ಯಾನಿಗಳು ಒತ್ತಡವನ್ನು ಬೆನ್ನಿನಿಂದ ತಡೆದುಕೊಳ್ಳುವುದನ್ನು ಕಂಡು ಮಕ್ಕಳಿಗೆ ಹಿಮ್ಮುಖ ಸೀಟು ಮಾಡಿದರು. ಮುಂದಿನಿಂದ ಗುದ್ದಿದಾಗ ಹೊಡೆತ ಇಡೀ ಬೆನ್ನಿಗೆ ಹಂಚಿಹೋಗುತ್ತದೆ. ಅಮೆಜಾನ್ ಒಡೆತನದ ಜೂಕ್ಸ್ ಕಂಪನಿ 2025ರ ಸೆಪ್ಟೆಂಬರಿನಿಂದ ಲಾಸ್ ವೇಗಸ್‌ನಲ್ಲಿ ಜನರನ್ನು ಕೂರಿಸಿಕೊಂಡು ಓಡಿಸುತ್ತಿರುವ ಪೆಟ್ಟಿಗೆಯಾಕಾರದ ಟ್ಯಾಕ್ಸಿಯಲ್ಲಿ ಎರಡು ಬೆಂಚುಗಳು ಎದುರುಬದುರು. ಅದು ಎರಡೂ ದಿಕ್ಕಿಗೆ ಓಡಬಲ್ಲದು. ಹೋಗುವಾಗ ಮುಂದಿದ್ದದ್ದು ಬರುವಾಗ ಹಿಂದು. ಯಾರ ರಕ್ಷಣೆ ಯಾವ ಕಡೆಯಿಂದ ಎಂಬುದನ್ನು ಕಾರು ಪ್ರತಿ ಸವಾರಿಯಲ್ಲೂ ಹೊಸದಾಗಿ ಲೆಕ್ಕ ಹಾಕಬೇಕು. ಎದುರಿನವರ ಮಡಿಲಿನ ಲ್ಯಾಪ್‌ಟಾಪು ಹಾರಿಬಂದರೆ ಮಾತ್ರ ಯಾವ ಬೆಂಚೂ ಕಾಯುವುದಿಲ್ಲ.

2020ರ ಅಕ್ಟೋಬರಿನಿಂದ ಅಮೆರಿಕದ ಫೀನಿಕ್ಸ್‌ನಲ್ಲಿ ಸಾರ್ವಜನಿಕರಿಗೆ ಚಾಲಕರಹಿತ ಟ್ಯಾಕ್ಸಿ ಓಡಿಸತೊಡಗಿದ ವೇಮೊ ಇಂಥ ಸಾಹಸಕ್ಕೆ ಹೋಗಿಲ್ಲ. ಅದರದು ಮಾಮೂಲಿ ಕಾರು, ಮಾಮೂಲಿ ಸೀಟು, ಬೆಲ್ಟ್ ಹಾಕಿ ಎಂದು ಹೇಳುವ ದನಿ, ಒಳಗೆ ಕ್ಯಾಮೆರಾ, ತೊಂದರೆಯಾದರೆ ದೂರದಿಂದ ಮಾತಾಡುವ ಸಿಬ್ಬಂದಿ. ಸ್ಯಾನ್ ಫ್ರಾನ್ಸಿಸ್ಕೊದಲ್ಲಿ 2025ರ ಡಿಸೆಂಬರಿನಲ್ಲಿ ಆಸ್ಪತ್ರೆಗೆ ಹೊರಟಿದ್ದ ಗರ್ಭಿಣಿಯೊಬ್ಬರು ವೇಮೊ ಕಾರಿನಲ್ಲೇ ಹೆತ್ತರು. ಒಳಗೆ ಏನೋ ಅಸಹಜವಾದದ್ದು ನಡೆಯುತ್ತಿದೆ ಎಂದು ಗೊತ್ತಾಗಿ ಸಿಬ್ಬಂದಿ ಕರೆ ಮಾಡಿದ್ದರು, ತುರ್ತುಸೇವೆಗೂ ತಿಳಿಸಿದ್ದರು. ಒಳಗಿನ ಕಣ್ಗಾವಲು ಬೇಡವೇ ಬೇಡ ಎನ್ನುವವರು ಈ ಪ್ರಸಂಗಕ್ಕೆ ಉತ್ತರ ಹೇಳಬೇಕಾಗುತ್ತದೆ.

ಬೇಕೇ ಬೇಕು ಎನ್ನುವವರಿಗೂ ಒಂದು ಪ್ರಸಂಗವಿದೆ. ಗ್ರಾಹಕರ ಕಾರುಗಳ ಕ್ಯಾಮೆರಾಗಳು ಹಿಡಿದ ಖಾಸಗಿ ದೃಶ್ಯಗಳನ್ನು ಟೆಸ್ಲಾ ನೌಕರರು ತಮ್ಮತಮ್ಮಲ್ಲೇ ಹಂಚಿಕೊಂಡು ನಗುತ್ತಿದ್ದರೆಂದು ರಾಯಿಟರ್ಸ್ 2023ರ ಏಪ್ರಿಲಿನಲ್ಲಿ ವರದಿ ಮಾಡಿತು. ಕೂತ ಭಂಗಿ ತಿಳಿಯಲು 17 ಚುಕ್ಕೆ ಸಾಕು, ಮುಖ ಬೇಕಿಲ್ಲ. ಕಾರಿನೊಳಗೇ ಲೆಕ್ಕ ಮುಗಿಸಿ ಚಿತ್ರವನ್ನು ಆ ಕ್ಷಣದಲ್ಲೇ ಅಳಿಸುವುದು ಇವತ್ತಿನ ಚಿಪ್‌ಗಳಿಗೆ ಕಷ್ಟವಲ್ಲ. ಆದರೂ ಚಿತ್ರ ಉಳಿಸಿಕೊಳ್ಳುವ ಕಂಪನಿ, ಉಳಿಸಿಕೊಳ್ಳುವುದು ಏಕೆಂದು ಹೇಳಲೇಬೇಕು.

ನಿಯಮಗಳು ನಿಧಾನವಾಗಿ ಇತ್ತ ಬರುತ್ತಿವೆ. ವಿಶ್ವಸಂಸ್ಥೆಯ ಅಡಿಯಲ್ಲಿ 2021ರಲ್ಲಿ ಜಾರಿಗೆ ಬಂದ ನಿಯಮದ ಪ್ರಕಾರ, ಅರೆ ಸ್ವಯಂಚಾಲಿತ ಕಾರಿನಲ್ಲಿ ಚಾಲಕ ಸೀಟಿನಲ್ಲಿದ್ದಾನೆಯೇ, ಬೆಲ್ಟ್ ಹಾಕಿದ್ದಾನೆಯೇ, ಎಚ್ಚರವಾಗಿದ್ದಾನೆಯೇ ಎಂದು ಕಾರು ನೋಡುತ್ತಿರಬೇಕು. ಅಮೆರಿಕ 2022ರ ಮಾರ್ಚ್‌ನಲ್ಲಿ, ಸ್ಟೀರಿಂಗ್ ಇಲ್ಲದ ಕಾರಿನಲ್ಲಿ ಚಾಲಕನ ಜಾಗದಲ್ಲಿ ಕೂತವರಿಗೂ ಪ್ರಯಾಣಿಕರಿಗೆ ಸಿಗುವ ರಕ್ಷಣೆ ಸಿಗಬೇಕೆಂದು ಸ್ಪಷ್ಟಪಡಿಸಿತು. ಕಾರುಗಳಿಗೆ ಸ್ಟಾರ್ ಕೊಡುವ ಯೂರೊ ಎನ್‌ಕ್ಯಾಪ್, 2026ರ ಪರೀಕ್ಷೆಗಳಲ್ಲಿ ಬೆಲ್ಟನ್ನು ಬೆನ್ನ ಹಿಂದೆ ಹಾಕಿಕೊಂಡವರನ್ನು, ಡ್ಯಾಶ್‌ಬೋರ್ಡಿನ ಮೇಲೆ ಕಾಲಿಟ್ಟವರನ್ನು ಗುರುತಿಸುವ ಕಾರಿಗೆ ಅಂಕ ಇಟ್ಟಿದೆ.

ಬೆಲ್ಟನ್ನು ಬೆನ್ನ ಹಿಂದೆ ಹಾಕುವ ವಿದ್ಯೆ ನಮಗೆ ಯಾರೂ ಕಲಿಸಬೇಕಾಗಿಲ್ಲ. ಬೆಲ್ಟಿನ ಬದಲು ಬಕಲ್‌ಗೆ ಸಿಕ್ಕಿಸಿ ಅಲಾರಂ ಬಾಯಿ ಮುಚ್ಚಿಸುವ ಕ್ಲಿಪ್ಪನ್ನೇ ಮಾರುವ ದೇಶ ನಮ್ಮದು. 2022ರ ಸೆಪ್ಟೆಂಬರಿನಲ್ಲಿ ಉದ್ಯಮಿ ಸೈರಸ್ ಮಿಸ್ತ್ರಿ ಹಿಂದಿನ ಸೀಟಿನಲ್ಲಿ ಬೆಲ್ಟ್ ಇಲ್ಲದೆ ಕೂತು ಅಪಘಾತದಲ್ಲಿ ತೀರಿಕೊಂಡ ಮರುವರ್ಷ, ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಐದು ದೊಡ್ಡ ಆನ್‌ಲೈನ್ ಮಾರುಕಟ್ಟೆಗಳಿಗೆ ಆದೇಶ ಕೊಟ್ಟಿತು. ಇಂಥ ಕ್ಲಿಪ್ಪುಗಳ 13,118 ಜಾಹೀರಾತುಗಳು ಕೆಳಗಿಳಿದವು. ಬಕಲ್‌ನಲ್ಲಿ ಏನೋ ಸಿಕ್ಕಿದೆ ಎಂದಷ್ಟೇ ತಿಳಿಯುವ ಸಂವೇದಕವನ್ನು ಮೋಸಗೊಳಿಸಬಹುದು, ಎದೆಯ ಮೇಲೆ ಪಟ್ಟಿಯಿಲ್ಲ ಎಂದು ನೋಡುವ ಕ್ಯಾಮೆರಾವನ್ನು ಅಷ್ಟು ಸುಲಭವಾಗಿ ವಂಚಿಸಲಾಗದು. ಇನ್ನು, ಚಾಲಕರ ಕೆಲಸ ಕಸಿಯುವ ಚಾಲಕರಹಿತ ಕಾರುಗಳನ್ನು ಭಾರತಕ್ಕೆ ಬಿಡುವುದಿಲ್ಲ ಎಂದು ಸಚಿವ ನಿತಿನ್ ಗಡ್ಕರಿ 2023ರಲ್ಲಿ ಹೇಳಿದ್ದಾರೆ. ಆದರೆ ಚಾಲಕ ಇದ್ದರೂ ಒಳಗಿನ ಕ್ಯಾಮೆರಾ ಬಂದೇ ಬಿಟ್ಟಿದೆ. ಮಹೀಂದ್ರ 2024ರ ನವೆಂಬರಿನಲ್ಲಿ ಬಿಡುಗಡೆ ಮಾಡಿದ ವಿದ್ಯುತ್ ಕಾರುಗಳಲ್ಲಿ ಚಾಲಕನ ಮುಖ ನೋಡುವ ಕಣ್ಣಿದೆ.

ಕೊನೆಗೆ ಉಳಿಯುವುದು ಮಾತು ಕೇಳದ ಪ್ರಯಾಣಿಕ. ಟ್ಯಾಕ್ಸಿ ಚಾಲಕನಾದರೆ ‘ಕಾಲು ಇಳಿಸಿ ಸಾರ್’ ಎನ್ನುತ್ತಾನೆ, ಗೊಣಗುತ್ತಾನೆ. ಚಾಲಕನಿಲ್ಲದ ಕಾರು ಹೊರಡುವ ಮುಂಚೆಯಾದರೆ ‘ಸರಿಯಾಗಿ ಕೂರದಿದ್ದರೆ ಹೊರಡುವುದಿಲ್ಲ’ ಎಂದು ಹಟ ಹಿಡಿಯಬಹುದು. ಬೆಂಗಳೂರು–ಮೈಸೂರು ಹೆದ್ದಾರಿಯಂಥ ರಸ್ತೆಯ ನಡುವೆ ಪ್ರಯಾಣಿಕ ಸೀಟು ಒರಗಿಸಿದರೆ? ಅಂಚಿನಲ್ಲಿ ನಿಲ್ಲಿಸುವುದೇ ಹೆಚ್ಚು ಅಪಾಯ. ವೇಗ ತಗ್ಗಿಸಬಹುದು, ದನಿ ಏರಿಸಬಹುದು, ಇಷ್ಟೇ. ಎಚ್ಚರಿಸಿದ ಪ್ರತಿಯೊಂದು ಸಲವೂ ಕಾರಿನಲ್ಲಿ ದಾಖಲಾಗುತ್ತದೆ. ಹೆಲ್ಮೆಟ್ ಹಾಕದ ಸವಾರನ ಪರಿಹಾರ ಕಡಿತವಾಗಲಿ ಎಂದು ವಿಮಾ ವಕೀಲರು ನಮ್ಮ ನ್ಯಾಯಮಂಡಳಿಗಳಲ್ಲಿ ವಾದಿಸುವುದು ಹೊಸದೇನಲ್ಲ. ‘ನಾಲ್ಕು ಸಲ ಹೇಳಿದರೂ ಪ್ರಯಾಣಿಕ ಕಾಲು ಇಳಿಸಲಿಲ್ಲ’ ಎಂಬ ದಾಖಲೆ ಅವರ ಕೈಗೆ ಸಿಕ್ಕರೆ ಕೇಳುವುದೇ ಬೇಡ. ಜೀವ ಉಳಿಸಲು ಹಾಕಿದ ಕ್ಯಾಮೆರಾ ಹಾಗೆ ಪ್ರಯಾಣಿಕನ ವಿರುದ್ಧದ ಸಾಕ್ಷಿಯಾಗಿಬಿಡುತ್ತದೆ. ಆ ಕಡತ ವಿಮಾ ಕಂಪನಿಗೆ ಸಿಗುವ ಹೊತ್ತಿಗೇ ಗಾಯಗೊಂಡವರ ವಕೀಲರಿಗೂ ಪೂರ್ತಿ ಸಿಗಬೇಕು, ಏರ್‌ಬ್ಯಾಗ್ ಯಾವಾಗ ಬಿಚ್ಚಿತು, ಕಾರು ಬ್ರೇಕ್ ಯಾವಾಗ ಹಾಕಿತು ಎಂಬ ವಿವರವೂ ಅದರಲ್ಲಿರಬೇಕು ಎಂಬ ಷರತ್ತನ್ನು ನಿಯಮ ಬರೆಯುವಾಗಲೇ ಸೇರಿಸುವುದು ಸುಲಭ. ಕಾರುಗಳು ರಸ್ತೆಗಿಳಿದ ಮೇಲೆ ಸೇರಿಸಲು ಹೋದರೆ ಕಂಪನಿಗಳ ಅನುಮತಿ ಕೇಳಬೇಕಾಗುತ್ತದೆ.